ಮೇಣದ ತೊಟ್ಟಿ

ಊಟ ಮಾಡುತ್ತ ಓದುವವರಿದ್ದರೆ ಮನ್ನಿಸಬೇಕು. ಇದು ಕಾಲುಗಳ ಕಥೆ. ಹೇಳಬಹುದೋ ಬಾರದೋ ಎಂಬ ಅನುಮಾನದಲ್ಲೇ ಹೇಳುತ್ತಿರುವುದು.

ವಿಲೆ ಪಾರ್ಲೆಯ ಆ ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮಾಧುರಿ ಹೊಸದಾಗಿ ಸೇರಿದ್ದಳು. ಹಿಮ್ಮಡಿ, ಕಣಕಾಲು ನೋವಿನವರಿಗೆ ಅಲ್ಲಿ ಪರದೆಯ ಹಿಂದೆ ಬಿಸಿ ಮೇಣದ ತೊಟ್ಟಿಯಿತ್ತು. ಕಾಲನ್ನು ಅದ್ದಿ, ಎತ್ತಿ, ಮತ್ತೆ ಅದ್ದಿದರೆ ಬಿಳಿ ಕಾಲುಚೀಲದ ಹಾಗೆ ಮೇಣ ಕೂಡುತ್ತದೆ. ಆರಿದ ಮೇಲೆ ಅದನ್ನು ಸುಲಿದು ವ್ಯಾಯಾಮ ಮಾಡಿಸಬೇಕು. ಸುಲಿದದ್ದನ್ನು ಎಸೆಯಬೇಕೆಂದು ಮಾಧುರಿ ಕಲಿತಿದ್ದಳು. ಯಜಮಾನ ಸದಾನಂದ ಮಾತ್ರ ಅದನ್ನು ತಿರುಗಿ ತೊಟ್ಟಿಗೇ ಹಾಕಿಸುತ್ತಿದ್ದ. ತಳದಲ್ಲಿ ಕೂದಲು, ಒಣಚರ್ಮದ ಹೊಟ್ಟು, ಒಮ್ಮೆ ಅರ್ಧ ಉಗುರು. ಮನೆಯಲ್ಲಿ ಹಾಲಿನ ಕೆನೆ ಕಂಡರೂ ಅವಳಿಗೆ ವಾಕರಿಕೆ ಬರುತ್ತಿತ್ತು.

"ಕಾದೈತಲ್ಲ, ಮತ್ತೇನ್ ಹೊಲಸು?" ಎನ್ನುತ್ತಿದ್ದ ಸದಾನಂದ.

ಅಲ್ಲಿಗೆ ಬರುವವರಲ್ಲಿ ಧಾರವಾಡದ ವ್ಯಾಪಾರಸ್ಥರ ಮನೆಯ ಹನುಮವ್ವ ಒಬ್ಬಳು. ಬೆಂಚಿನ ಮೇಲೆ ಮನೆಯ ಬಟ್ಟೆ ಹಾಸಿಯೇ ಕೂರುವಳು. ಕುಡಿಯುವ ನೀರೂ ಮನೆಯದೇ. ಇನ್ನೊಬ್ಬ ಖಂಡಪ್ಪ, ಧಾರಾವಿಯಲ್ಲಿ ಚರ್ಮದ ಬ್ಯಾಗು ಹೊಲಿಯುವವನು. ಉಳುಕಿ ಬಿಗಿದುಕೊಂಡಿದ್ದ ಅವನ ಕಣಕಾಲು ಈಗಷ್ಟೇ ಸಡಿಲವಾಗುತ್ತಿತ್ತು. ಪೂರ್ತಿ ಸಡಿಲವಾಗದೆ ಹೊಲಿಗೆ ಮೆಷಿನ್ ತುಳಿಯುವ ಹಾಗಿರಲಿಲ್ಲ. ತುಳಿಯದಿದ್ದರೆ ಕೆಲಸ ಹೋಗುತ್ತಿತ್ತು.

ಅಂದು ಖಂಡಪ್ಪ ಕಾಲು ತೆಗೆದ ಮೇಣಕ್ಕೇ ಹನುಮವ್ವ ಕಾಲಿಟ್ಟಳು. "ಆಹಾ, ತುಪ್ಪದಾಗ ಇಟ್ಟಂಗ ಆತವ್ವಾ," ಎಂದು ಕಣ್ಣು ಮುಚ್ಚಿದಳು. ಆಮೇಲೆ ದನಿ ತಗ್ಗಿಸಿದಳು, ಪರದೆಯಾಚೆ ಕೇಳುವಷ್ಟೇ ತಗ್ಗಿಸಿದಳು: "ಅವನ್ನ ಬ್ಯಾರೆ ಹೊತ್ತಿಗಿ ಕರೀಬಾರದೇನ? ತೊಗಲಿನ ವಾಸನಿ. ಹೊಟ್ಟಿ ತೊಳಸ್ತೈತಿ."

"ನಾಳಿಂದ ಸೆಂಟ್ ಹಚ್ಕೊಂಡ್ ಬರ್ತೀನ್ರಿ ಯಕ್ಕಾ," ಪರದೆಯಾಚೆಯಿಂದ ಖಂಡಪ್ಪ ಅಂದ.

"ಯಾರಿಗಲೇ ಯಕ್ಕಾ?"

'ನಿಮ್ಮ ತುಪ್ಪ ಅವನ ಕಾಲು ತೊಳೆದದ್ದೇ' ಎಂಬ ಮಾತು ಮಾಧುರಿಯ ನಾಲಿಗೆಯ ತುದಿಗೆ ಬಂತು. ಆದರೆ ಆಡಿದರೆ ಹೊರಬೀಳುವುದು ಮೇಣವಲ್ಲ, ಖಂಡಪ್ಪ. ಅದಕ್ಕೇ ಅವಳು ಸೀದಾ ಸದಾನಂದನ ಬಳಿ ಹೋದಳು. "ಸರ್, ಮೇಣ ಬದ್ಲಿ ಮಾಡ್ರಿ. ಇಲ್ಲಾಂದ್ರ ನಾ ಯಾರ ಕಾಲೂ ಅದ್ದಂಗಿಲ್ಲ. ಬಸ್."

ಅವನು ಇಷ್ಟು ಬೇಗ ಒಪ್ಪಿಯಾನೆಂದು ಅವಳು ಎಣಿಸಿರಲಿಲ್ಲ.

ಮರುದಿನ ನೋಡಿದರೆ ಎರಡು ತೊಟ್ಟಿ. ಪರದೆಯ ಹಿಂದೆ ಅಚ್ಚ ಬಿಳಿಯ ಹೊಸ ಮೇಣ. ಬಾತ್‌ರೂಮಿನ ಬಾಗಿಲ ಬಳಿ ಹಳೆಯದು, ಬೂದು ಬಣ್ಣದ್ದು.

"ಹೊಸಾದು ಎಲ್ಲಾರಿಗೂ. ಹಳೇದು ಖಂಡಪ್ಪಗ," ಎಂದು ನಕ್ಕ ಸದಾನಂದ. "ಹನುಮವ್ವಾರೂ ಖುಷ್, ನೀನೂ ಖುಷ್."

ಎಲ್ಲರ ಕಾಲಿನ ಕೊಳೆಯೂ ಈಗ ಒಬ್ಬನ ಪಾಲಿಗೆ. ಮಾಧುರಿಗೆ ಗಂಟಲಿನವರೆಗೆ ಹುಳಿ ನೀರು ಬಂತು. ಮೇಣ ಕಂಡಲ್ಲ, ಸದಾನಂದನ ನಗು ಕಂಡು.

ಖಂಡಪ್ಪ ಬಂದ. ಒಂದು ತೊಟ್ಟಿ ನೋಡಿದ, ಇನ್ನೊಂದು ನೋಡಿದ.

"ಖಂಡಪ್ಪಣ್ಣಾ, ಇದ್ರಾಗ ಇಡಬ್ಯಾಡ್ರಿ. ಬರೀ ವ್ಯಾಯಾಮ ಮಾಡಸ್ತೀನಿ," ಎಂದಳು ಮಾಧುರಿ.

ಅವನು ಬಗ್ಗಿ ಹಳೆಯ ಮೇಣವನ್ನು ಮೂಸಿ ಮುಖ ಕಿವಿಚಿದ. "ಆ ಯಕ್ಕನ ಹಿಮ್ಮಡಿ ಹೊಟ್ಟು ಇದ್ರಾಗ ಐತ್ರಿ ಮೇಡಂ. ನನಗೂ ಹೊಟ್ಟಿ ತೊಳಸ್ತೈತಿ."

ಚಪ್ಪಲಿ ಮೆಟ್ಟಿ, ಕುಂಟುತ್ತ ಸ್ಟೇಷನ್ ಕಡೆ ನಡೆದ. ಮತ್ತೆ ಬರಲಿಲ್ಲ.

ಅವನ ಕಾಲು ನೆಟ್ಟಗಾಯಿತೋ, ಕೆಲಸ ಉಳಿಯಿತೋ ಮಾಧುರಿಗೆ ಗೊತ್ತಿಲ್ಲ. ತಾನು ಬಾಯಿ ತೆರೆಯದಿದ್ದರೆ ಆ ಹೊಲಸಿನಲ್ಲೇ ಅವನ ಕಣಕಾಲು ಸಡಿಲವಾಗುತ್ತಿತ್ತೋ ಏನೋ, ಅದೂ ಗೊತ್ತಿಲ್ಲ.