ಹುಬ್ಬಿನ ಮೇಲಿನ ಗೀರು

"ನೀನು ಕಳಿಸಿದ ಚಿತ್ರದಲ್ಲಿ ನಿಮ್ಮಕ್ಕನ ಮುಖವೇನೋ ಚೆನ್ನಾಗಿ ಬಂದಿದೆಯಮ್ಮ," ಎಂದರು ಭಾವ ಫೋನಿನಲ್ಲಿ. "ಆದರೆ ಎಡಗಡೆ ಹುಬ್ಬಿನ ಮೇಲೆ ಒಂದು ಗೀರು ಕಾಣ್ತಾ ಇದೆಯಲ್ಲ, ಅದೊಂದನ್ನ ತೆಗೆದುಬಿಡು. ಕಂಪ್ಯೂಟರಿನಲ್ಲಿ ಅದೇನು ಮಹಾ ಕೆಲಸ ಅಲ್ಲ ಅಂತ ನಮ್ಮ ಡ್ರಾಯಿಂಗ್ ಮೇಷ್ಟ್ರು ಹೇಳ್ತಿದ್ರು."

ಅವಳು ಹಿತ್ತಲ ಶೆಡ್ಡಿನಲ್ಲಿ ಕೆತ್ತನೆ ಯಂತ್ರದ ಮೇಜಿನ ಮೇಲೆ ಮಹಾಗನಿ ಹಲಗೆಯನ್ನು ಕೂರಿಸಿ ನಾಲ್ಕೂ ಮೂಲೆಗೆ ಕ್ಲ್ಯಾಂಪು ಬಿಗಿಯುತ್ತಿದ್ದಳು. ಫೋನು ಪಕ್ಕದ ಸ್ಟೂಲಿನ ಮೇಲಿತ್ತು. ಸ್ಪ್ಯಾನರ್ ಹಿಡಿದ ಕೈ ಅಲ್ಲೇ ನಿಂತಿತು.

"ಸರಿ ಭಾವ," ಎಂದಳು.

ಫೋನು ಇಟ್ಟಾದ ಮೇಲೆ ಮೈಯೆಲ್ಲ ಉರಿಯಿತು. ಅವರ ಮೇಲೆ ಬಂದ ಸಿಟ್ಟಿಗಿಂತ ತನ್ನ ಬಾಯಿಯ ಮೇಲೆ ಬಂದ ಸಿಟ್ಟೇ ಹೆಚ್ಚು. ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಿಂದಲೂ ಆ ಬಾಯಿಗೆ ಅದೊಂದೇ ಅಭ್ಯಾಸ. ಭಾವ ಏನೇ ಅಂದರೂ ಸರಿ ಭಾವ. ಸ್ಪ್ಯಾನರನ್ನು ಡಬ್ಬಿಗೆ ಎಸೆದಳು. ಅದು ಡಬ್ಬಿಯ ಅಂಚಿಗೆ ಬಡಿದು ನೆಲಕ್ಕೆ ಬಿತ್ತು.

ಅವಳ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರು ಕಳಿಸಿದ ಅಚ್ಚು ನೋಡಿ ಕಂಪ್ಯೂಟರಿನಲ್ಲಿ ಹಲ್ಲು ರೂಪಿಸುವುದು, ಸಣ್ಣ ಬಿಳಿ ಬಿಲ್ಲೆಯಿಂದ ಅದನ್ನು ಯಂತ್ರದಲ್ಲಿ ಕೆತ್ತಿಸುವುದು, ಉಜ್ಜಿ ಹೊಳಪು ಕೊಡುವುದು. ಅಲ್ಲಿ ಯಂತ್ರದ ಗಾಜಿನ ಬಾಗಿಲಿನ ಹಿಂದೆ ಬೆರಳ ತುದಿಯಷ್ಟು ಹಲ್ಲು ಮೂಡುವುದನ್ನು ನೋಡುತ್ತ ನೋಡುತ್ತ, ಇದೇ ಕೆಲಸವನ್ನು ಮರದಲ್ಲಿ ಯಾಕೆ ಮಾಡಬಾರದು ಎಂಬ ಹುಚ್ಚು ಹತ್ತಿತು. ಬಿಡಿ ಭಾಗಗಳನ್ನು ಒಂದೊಂದಾಗಿ ತರಿಸಿ, ತಾನೇ ಜೋಡಿಸಿ, ಹಳೇ ಸೈಕಲ್ಲು ನಿಲ್ಲಿಸುತ್ತಿದ್ದ ಶೆಡ್ಡನ್ನು ಖಾಲಿ ಮಾಡಿಸಿ ಈ ಯಂತ್ರ ನಿಲ್ಲಿಸಿದಳು. ಗಂಡ ಅದಕ್ಕೆ ಮನೆ ಅಳಿಯ ಎಂದು ಹೆಸರಿಟ್ಟಿದ್ದ. ಕೂತ ಕಡೆಯೇ ಕೂತಿರುತ್ತಾನೆ, ಸದ್ದು ಮಾಡುತ್ತಾನೆ, ಕರೆಂಟು ತಿನ್ನುತ್ತಾನೆ, ಸ್ವಲ್ಪ ಉಪಚಾರ ಕಡಿಮೆಯಾದರೂ ಮುನಿಸಿಕೊಳ್ಳುತ್ತಾನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವಳು ಗಡಿಯಾರದ ಚೌಕಟ್ಟು, ಟ್ರೇ, ನೆಂಟರ ಮಕ್ಕಳಿಗೆ ಆನೆ ಕುದುರೆ ಮಾಡಿಕೊಟ್ಟಳು. ಆಮೇಲೆ ಫೋಟೋ ನೋಡಿ ಮುಖ ಕೆತ್ತುವುದನ್ನು ಕಲಿತಳು. ಆ ಸುದ್ದಿ ಭಾವನ ಕಿವಿಗೂ ಬಿತ್ತು.

ಭಾವ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಊರಿನಲ್ಲಿ ಅವರನ್ನು ಕಂಡರೆ ಸೈಕಲ್ಲಿನಿಂದ ಇಳಿಯುವವರು ಇನ್ನೂ ಇದ್ದಾರೆ. ಎತ್ತರದ ದನಿಯಲ್ಲಿ ಅವರು ಮಾತಾಡಿದ್ದನ್ನು ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ. ಹೋದ ವರ್ಷ ಅಕ್ಕ ಮೂತ್ರಪಿಂಡದ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅವರು ಹಳೇ ವಿದ್ಯಾರ್ಥಿಗಳನ್ನೆಲ್ಲ ಸೇರಿಸಿ ಶಾಲೆಯಲ್ಲಿ ಒಂದು ವಾಚನಾಲಯ ಕಟ್ಟಿಸಿದರು. ಅದಕ್ಕೆ ಅಕ್ಕನ ಹೆಸರು. ಬಾಗಿಲು ದಾಟಿದ ಕೂಡಲೇ ಎದುರಿಗೆ ಕಾಣುವ ಗೋಡೆಯ ಮೇಲೆ ಮರದಲ್ಲಿ ಕೆತ್ತಿದ ಅಕ್ಕನ ಮುಖ ಇರಬೇಕು. "ಬೇರೆ ಯಾರ ಕೈಲಾದರೂ ಮಾಡಿಸಬಹುದಿತ್ತು. ಆದರೆ ಒಡಹುಟ್ಟಿದವಳು ನೀನಿರುವಾಗ," ಎಂದಿದ್ದರು. ಆಗಲೂ ಅವಳು ಸರಿ ಭಾವ ಎಂದೇ ಅಂದಿದ್ದಳು. ಅಕ್ಕನ ಮುಖವನ್ನು ಕೈಯಾರೆ ಮಾಡುವ ಆಸೆ ಅವಳಿಗೂ ಇತ್ತು.

ಅವರು ಕಳಿಸಿದ ಫೋಟೋ ಸ್ಟುಡಿಯೋದವನು ತಿದ್ದಿ ತೀಡಿದ್ದು. ಕೆನ್ನೆಗೆ ಬಣ್ಣ, ಹಣೆಗೆ ಹೊಳಪು. ಅದನ್ನು ನೋಡಿ ಕೆತ್ತಿದರೆ ಪೌಡರ್ ಡಬ್ಬಿಯ ಮೇಲಿನ ಹೆಂಗಸು ಬರುತ್ತಾಳೆಯೇ ಹೊರತು ಅಕ್ಕ ಬರುವುದಿಲ್ಲ. ಹಾಗಾಗಿ ತಾನೇ ಒಮ್ಮೆ ತಾರಸಿಯ ಮೇಲೆ ತೆಗೆದಿದ್ದ ಫೋಟೋ ಹುಡುಕಿದಳು. ಬಟ್ಟೆ ಒಣಗಿಸುತ್ತ ತಿರುಗಿ ನೋಡಿದ ಅಕ್ಕ. ಬಿಸಿಲು ಓರೆಯಾಗಿ ಬಿದ್ದು ಮುಖದ ಏರುತಗ್ಗೆಲ್ಲ ಎದ್ದು ಕಾಣುತ್ತಿತ್ತು. ಹುಬ್ಬನ್ನು ಎರಡು ಭಾಗ ಮಾಡಿದ್ದ ಗಾಯದ ಕಲೆಯೂ.

ಬಚ್ಚಲಲ್ಲಿ ಜಾರಿ ನಲ್ಲಿಗೆ ಹಣೆ ತಾಗಿತು ಎಂದೇ ಎಲ್ಲರಿಗೂ ಗೊತ್ತಿದ್ದದ್ದು. ಹೊಲಿಗೆ ಹಾಕಿಸಿಕೊಂಡು ಬಂದ ದಿನ ಅಕ್ಕ ನಿಜವನ್ನು ತಂಗಿಯೊಬ್ಬಳಿಗೆ ಹೇಳಿದ್ದಳು. ಒಲೆಯ ಮೇಲೆ ಹಾಲಿಟ್ಟು ಅಕ್ಕ ಕಾದಂಬರಿ ಓದುತ್ತ ನಿಂತಿದ್ದಳಂತೆ. ಹಾಲು ಉಕ್ಕಿ ಹರಿಯಿತು. ಭಾವ ಒಳಗೆ ಬಂದವರು ಒಂದು ಮಾತೂ ಆಡದೆ ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು ಅದರಿಂದಲೇ ಮುಖಕ್ಕೆ ಬಾರಿಸಿದರು. ದಪ್ಪ ರಟ್ಟಿನ ಮೂಲೆ ಹುಬ್ಬನ್ನು ಸೀಳಿತು. ಆಮೇಲೆ ಆ ಮನೆಗೆ ಪಾಠದ ಪುಸ್ತಕ ಬಿಟ್ಟು ಬೇರೆ ಪುಸ್ತಕ ಬರಲಿಲ್ಲ. ಅಕ್ಕ ಅಂಗಡಿಯಿಂದ ಸಾಮಾನು ಕಟ್ಟಿ ತಂದ ಹಳೇ ಪೇಪರನ್ನು ಬಿಡಿಸಿ, ನೀವಿ, ನಿಂತೇ ಓದಿ ಮಡಿಸಿಡುತ್ತಿದ್ದಳು. ಈಗ ಅವಳ ಹೆಸರಿನಲ್ಲಿ ವಾಚನಾಲಯ.

ಹೋಗಿ ಕೇಳಿಯೇ ಬಿಡುತ್ತೇನೆ ಎಂದು ಅವಳು ಆಗ ಎದ್ದು ನಿಂತಿದ್ದಳು. ಅಕ್ಕ ಸೆರಗು ಹಿಡಿದು ಕೂರಿಸಿದ್ದಳು. "ನೀನು ಬಾಯಿ ಬಿಟ್ಟರೆ ನಾನು ಆ ಮನೇಲಿ ಇರೋಕಾಗಲ್ಲ. ಅದನ್ನ ಬಿಟ್ಟು ನನಗೆ ಇನ್ನೊಂದು ಮನೆಯೂ ಇಲ್ಲ." ಅಷ್ಟೇ ಅಂದಿದ್ದು.

ಅವಳು ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಅಕ್ಕನ ಮುಖ ಬೂದುಬಣ್ಣದಲ್ಲಿ ನಿಂತಿತ್ತು. ನಯ ಮಾಡುವ ಕುಂಚವನ್ನು ಆರಿಸಿ ಹುಬ್ಬಿನ ಮೇಲೆ ಒಮ್ಮೆ ಎಳೆದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೀರು ಹೊರಟುಹೋಯಿತು. ಭಾವನ ಡ್ರಾಯಿಂಗ್ ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ಇಷ್ಟು ಸಲೀಸಾಗಿ ಹೋಯಿತಲ್ಲ ಎಂಬುದೇ ಅವಳ ಹೊಟ್ಟೆಗೆ ಬೆಂಕಿ ಹಾಕಿತು. ಮಾಡಿದ್ದನ್ನು ರದ್ದು ಮಾಡಿದಳು. ಗೀರು ತನ್ನ ಜಾಗಕ್ಕೆ ಬಂತು.

ಗಂಡ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಶೆಡ್ಡಿನ ಬಾಗಿಲಿಗೆ ಬಂದ. ಅವಳ ಮುಖ ನೋಡಿದವನೇ ತಮಾಷೆ ಮಾಡುವುದನ್ನು ಬಿಟ್ಟ. ಅವಳು ಫೋನಿನ ವಿಷಯ ಹೇಳಿದಳು.

"ಇಷ್ಟವಿಲ್ಲ ಅಂದ್ರೆ ಮಾಡಲ್ಲ ಅಂತ ಹೇಳಿಬಿಡು. ಮುಗೀತಲ್ಲ."

"ಏನು ಮುಗಿಯುತ್ತೆ? ಬೇರೆ ಯಾರೋ ಮಾಡಿಕೊಡ್ತಾರೆ. ಆ ಪೌಡರ್ ಬಳಿದ ಮುಖ ಹೋಗಿ ಗೋಡೆ ಮೇಲೆ ಕೂರುತ್ತೆ. ಇನ್ನು ಹತ್ತು ವರ್ಷಕ್ಕೆ ನಾನೂ ಅದನ್ನೇ ಅಕ್ಕ ಅಂದುಕೊಳ್ತೀನಿ."

"ಹಾಗಂತ ಗೀರಿಟ್ಟು ಮಾಡಿದ್ರೆ ಅವರು ತಗೊಂಡು ಹೋಗ್ತಾರಾ? ಸತ್ತವಳು ಸತ್ತಾಯ್ತು. ಒಂದು ಗೀರಿಗೋಸ್ಕರ ಇರೋ ಸಂಬಂಧಾನೂ ಕಡಿದುಕೊಳ್ಳಬೇಕಾ?"

"ಒಂದು ಗೀರು," ಎಂದಳು ಅವಳು. "ನಿನ್ನ ಸ್ಕೂಟರಿಗೆ ಯಾರೋ ಗೀರಿದಾಗ ಬೀದಿಯವರನ್ನೆಲ್ಲ ನಿಲ್ಲಿಸಿ ಕೇಳಿದೆಯಲ್ಲ, ಅದೂ ಒಂದು ಗೀರೇ."

ಗಂಡ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡ. ಆಮೇಲೆ ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿ ಡಬ್ಬಿಯಲ್ಲಿಟ್ಟು ಒಳಗೆ ಹೋದ.

ಅವಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಮುಚ್ಚಳ ಹಾಕಿ ಯಂತ್ರ ಚಾಲೂ ಮಾಡಿದಳು. ಮೊದಲು ದಪ್ಪ ಬಿಟ್, ಅಂದರೆ ತಿರುಗುವ ಉಳಿ. ಅದು ಬೇಡದ ಮರವನ್ನೆಲ್ಲ ಪದರ ಪದರವಾಗಿ ತಿಂದುಹಾಕುತ್ತದೆ. ಆ ಹಂತದಲ್ಲಿ ಮುಖವೆಂಬುದು ಮೆಟ್ಟಿಲು ಕಡಿದ ಗುಡ್ಡದಂತೆ ಕಾಣುತ್ತದೆ. ಆಮೇಲೆ ಗುಂಡುಮೂತಿಯ ಸಣ್ಣ ಬಿಟ್. ಅದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿ, ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಮತ್ತೆ ಹಿಂದಕ್ಕೆ ಬರುತ್ತದೆ. ಗಲ್ಲ ಬಂತು, ತುಟಿ ಬಂತು. ಮೂಗಿನ ಹೊಳ್ಳೆ ಅಗಲವಾಗಿ ಅಕ್ಕನದೇ ಬಂತು. ಬೇರೆ ದಿನಗಳಲ್ಲಿ ಯಂತ್ರ ಓಡುವಾಗ ತಾನು ಪಕ್ಕದಲ್ಲಿ ಕೂತು ಏನಾದರೂ ಓದುತ್ತಿದ್ದಳು. ಇವತ್ತು ನಿಲ್ಲಿಸುವ ಕೆಂಪು ಗುಂಡಿಯ ಹತ್ತಿರ ಕೈಯಿಟ್ಟುಕೊಂಡು ನಿಂತೇ ಇದ್ದಳು. ಬಿಟ್ ಹುಬ್ಬಿನ ಮೇಲೆ ಬಂದಾಗ ಒಂದು ಕ್ಷಣ ಕೆಳಗಿಳಿದು ಮೇಲೆದ್ದು ಹೋಯಿತು. ತಿರುಗಿ ಬರುವಾಗಲೂ ಇಳಿದು ಎದ್ದಿತು. ಅವಳು ಹಲ್ಲು ಕಚ್ಚಿಕೊಂಡು ನೋಡಿದಳು. ಗುಂಡಿ ಒತ್ತಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಭಾವ ಬಂದರು. ಅವರ ಮಗಳು ಕಾರು ಓಡಿಸಿಕೊಂಡು ಬಂದಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಅಮ್ಮ ಹೋದ ಮೇಲೆ ಅಪ್ಪನ ಊಟ ತಿಂಡಿ ಮಾತ್ರೆ ಎಲ್ಲ ನೋಡಿಕೊಂಡು ಆ ಮನೆಯಲ್ಲೇ ಇದ್ದಳು. ಕಡಿಮೆ ಮಾತಿನವಳು. ಶೆಡ್ಡಿನ ಒಳಗೆ ಬರದೆ ಹೊಸ್ತಿಲ ಮೇಲೆ ನಿಂತಳು.

ಹಲಗೆಯನ್ನು ಕಿಟಕಿಯ ಕೆಳಗಿನ ಮೇಜಿನ ಮೇಲೆ ಮಲಗಿಸಿತ್ತು. ಭಾವ ಕನ್ನಡಕ ಹಾಕಿಕೊಂಡು ಬಗ್ಗಿದರು. "ಜೀವ ಬಂದ ಹಾಗಿದೆ," ಎಂದರು. ದನಿ ನಿಜಕ್ಕೂ ನಡುಗಿತು. ಕೆನ್ನೆಯ ಮೇಲೆ ಬೆರಳಾಡಿಸಿದರು. ಬೆರಳು ಹುಬ್ಬಿಗೆ ಬಂದು ನಿಂತಿತು.

"ಇದನ್ನ ತೆಗಿ ಅಂದಿದ್ನಲ್ಲಮ್ಮ."

"ಅಕ್ಕನ ಮುಖದಲ್ಲಿತ್ತು ಭಾವ."

"ಇತ್ತು. ಯಾರು ಇಲ್ಲ ಅಂದ್ರು? ಬಚ್ಚಲಲ್ಲಿ ಬಿದ್ದಾಗ ಆಗಿದ್ದು. ಅದನ್ನ ಬಂದವರಿಗೆಲ್ಲ ತೋರಿಸೋದು ಯಾಕೆ? ಏನೋ ಪುಟ್ಟಿಗಿಟ್ಟಿ ತುಂಬಿ ಸರಿ ಮಾಡೋಕಾಗುತ್ತಲ್ಲ?"

"ನನ್ನ ಕೈಲಿ ಆಗಲ್ಲ."

"ಆಗಲ್ವೋ, ಮಾಡಲ್ವೋ?"

"ಮಾಡಲ್ಲ," ಎಂದಳು ಅವಳು. ಎಷ್ಟೋ ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇಷ್ಟು ಸಣ್ಣದಾಗಿತ್ತೇ ಎನ್ನಿಸಿತು. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಮರಳು ಕಾಗದದ ಒಂದು ತುಂಡು ಹರಿದು ಅವರ ಮುಂದೆ ಇಟ್ಟಳು. "ಅಳಿಸಲೇಬೇಕು ಅಂದ್ರೆ ನೀವೇ ಅಳಿಸಿ."

ಅವರು ಸಿಟ್ಟಾಗಿ ಹೊರಟುಹೋಗುತ್ತಾರೆ ಎಂದುಕೊಂಡಿದ್ದಳು. ಭಾವ ಹೋಗಲಿಲ್ಲ. ಅಂಗಿಯ ತೋಳು ಮಡಿಸಿದರು. ಮರಳು ಕಾಗದವನ್ನು ಅಚ್ಚುಕಟ್ಟಾಗಿ ಮಡಿಸಿ ಬೆರಳಿಗೆ ಸುತ್ತಿಕೊಂಡರು. ಕಪ್ಪುಹಲಗೆಯ ಮೇಲೆ ಹುಡುಗರು ಬರೆದ ತಪ್ಪನ್ನು ಒರೆಸುವವರ ತಾಳ್ಮೆಯಿಂದ ಅಕ್ಕನ ಹುಬ್ಬನ್ನು ಉಜ್ಜತೊಡಗಿದರು. ಪರ ಪರ ಎಂಬ ಸದ್ದು. ಗೀರು ಆಳವಿತ್ತು. ಸುತ್ತಲ ಹುಬ್ಬು ಸವೆಯುತ್ತಿತ್ತೇ ಹೊರತು ಅದು ಹೋಗುತ್ತಿರಲಿಲ್ಲ. ಊದಿ ನೋಡಿದರು, ಇನ್ನಷ್ಟು ಒತ್ತಿ ಉಜ್ಜಿದರು. ಅವರ ಕೈ ಹಿಡಿದು ತಿರುಚಿಬಿಡಬೇಕು ಎಂದು ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ಅಪ್ಪ," ಎಂದಳು ಮಗಳು ಹೊಸ್ತಿಲಿನಿಂದ. "ಅವತ್ತು ಹಾಲು ಉಕ್ಕಿತ್ತು."

ಕೈ ನಿಂತಿತು.

"ಒಲೆ ಒರೆಸಿದ್ದು ನಾನು. ಅಮ್ಮ ಕಣ್ಣಿಗೆ ಬಟ್ಟೆ ಒತ್ತಿಕೊಂಡು ಕೂತಿದ್ರು. ಇನ್ನೊಂದು ಬಟ್ಟೆ ಸಿಗಲಿಲ್ಲ ಅಂತ ನನ್ನ ಶಾಲೆ ಲಂಗದಲ್ಲೇ ಒರೆಸಿದೆ."

"ನೀನು ಆಗ ಇಷ್ಟುದ್ದ ಇದ್ದೆ," ಎಂದರು ಭಾವ, ತಿರುಗಿ ನೋಡದೆ. "ನಿನಗೇನು ನೆನಪಿರುತ್ತೆ?"

"ಪುಸ್ತಕದ ರಟ್ಟು ಹಸಿರು. ನೀವು ಅದನ್ನ ಮಾರನೇ ದಿನ ಲೈಬ್ರರಿಗೆ ವಾಪಸ್ ಕೊಟ್ಟು ಬಾ ಅಂತ ನನ್ನನ್ನೇ ಕಳಿಸಿದ್ರಿ. ಕೊಡೋಕೆ ಮುಂಚೆ ಮೂಲೆ ತೊಳೆದೆ."

ಭಾವ ಬೆರಳಿನಿಂದ ಮರಳು ಕಾಗದ ಬಿಚ್ಚಿ ಮೇಜಿನ ಮೇಲಿಟ್ಟರು. ಅಂಗೈಗಳನ್ನು ಒಂದಕ್ಕೊಂದು ತಟ್ಟಿ ಮರದ ಹುಡಿ ಉದುರಿಸಿದರು. ಮಡಿಸಿದ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡರು. "ನಡಿ, ಹೋಗೋಣ," ಎಂದು ಮಗಳ ಪಕ್ಕದಿಂದಲೇ ಹಾದು ಹೊರಗೆ ಹೋದರು. ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

ಮಗಳು ಹೊಸ್ತಿಲು ದಾಟಿ ಒಳಗೆ ಬಂದಳು.

ಚಿಕ್ಕಮ್ಮನ ಸಿಟ್ಟು ಇಳಿಯಲಿಲ್ಲ, ಈ ಹುಡುಗಿಯ ಕಡೆಗೆ ತಿರುಗಿತು. "ಎಲ್ಲ ಗೊತ್ತಿದ್ದೂ ಇಷ್ಟು ದಿನ ಅವರಿಗೆ ಊಟ ಬಡಿಸಿಕೊಂಡು, ಮಾತ್ರೆ ಕೊಟ್ಟುಕೊಂಡು ಇದ್ದೆಯಲ್ಲೇ. ಒಂದು ದಿನವಾದರೂ ಕೇಳಬೇಕು ಅನ್ನಿಸಲಿಲ್ವಾ?"

"ನಿನಗೂ ಗೊತ್ತಿತ್ತಲ್ಲ ಚಿಕ್ಕಿ," ಎಂದಳು ಮಗಳು. ಆ ದನಿಯಲ್ಲಿ ಚುಚ್ಚಬೇಕೆಂಬ ಆಸೆ ಇರಲಿಲ್ಲ. ಅದಕ್ಕೇ ಅದು ಚೆನ್ನಾಗಿ ನಾಟಿತು.

ಹೊರಗೆ ಹಾರ್ನ್ ಒಮ್ಮೆ ಕೂಗಿತು. ಮಗಳು ಮೇಜಿನ ಮೇಲೆ ಬಗ್ಗಿ, ಅಪ್ಪ ಉಜ್ಜಿ ಬಿಳಿಚಿಸಿದ್ದ ಜಾಗವನ್ನು ಉಗುರಿನ ತುದಿಯಿಂದ ಮುಟ್ಟಿ ನೋಡಿದಳು. ಹುಬ್ಬು ಸವೆದು ತೆಳುವಾಗಿತ್ತು. ಗೀರು ಈಗ ಇನ್ನೂ ಅಗಲವಾಗಿ ಕಾಣುತ್ತಿತ್ತು.

"ಇದಕ್ಕೆ ಮೇಲೆ ಏನಾದರೂ ಹಚ್ಚಬೇಕಾ?"

"ಎಣ್ಣೆ ಹಚ್ಚಬೇಕು. ಎರಡು ಮೂರು ಸಲ."

"ಕೊಡು."

ಅವಳು ಅಗಸೆ ಎಣ್ಣೆಯ ಸೀಸೆಯನ್ನೂ ಹಳೇ ಹತ್ತಿ ಬಟ್ಟೆಯನ್ನೂ ಕೊಟ್ಟಳು. ಮರದ ಎಳೆ ಹೋದ ದಿಕ್ಕಿಗೇ ಒರೆಸಬೇಕು, ಅಡ್ಡಡ್ಡ ಎಳೆಯಬಾರದು ಎಂದಳು. ಮಗಳು ಸ್ಟೂಲು ಎಳೆದುಕೊಂಡು ಕೂತಳು. ಗಲ್ಲದಿಂದ ಶುರುಮಾಡಿದಳು. ಎಣ್ಣೆ ಬಿದ್ದ ಕಡೆಯೆಲ್ಲ ಮಂಕು ಮರ ಕೆಂಪಗಾಗುತ್ತ, ಕತ್ತಿನ ಮಡಿಕೆಗಳು ಒಂದೊಂದಾಗಿ ಮೇಲೆ ಬರುತ್ತ ಹೋದವು. ಹಾರ್ನ್ ಇನ್ನೊಮ್ಮೆ ಕೂಗಿತು, ಈ ಸಲ ಸ್ವಲ್ಪ ಉದ್ದಕ್ಕೆ. ಮಗಳು ಬಟ್ಟೆಯನ್ನು ತಿರುಗಿಸಿ ಮಡಿಸಿ ಮತ್ತೆ ಎಣ್ಣೆಗೆ ಅದ್ದಿದಳು.

ಅವಳು ಕಿಟಕಿಯಿಂದ ನೋಡಿದಳು. ಹಿತ್ತಲ ಬೇಲಿಯಾಚೆ ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲು ಅರ್ಧ ತೆರೆದಿತ್ತು. ಭಾವ ಒಂದು ಕಾಲನ್ನು ಹೊರಗೆ, ರಸ್ತೆಯ ಮೇಲೆ ಇಟ್ಟುಕೊಂಡು, ಇನ್ನೊಂದನ್ನು ಒಳಗೇ ಬಿಟ್ಟು ಕೂತಿದ್ದರು.