ನೀರು ಹುಯ್ಯುವ ಜಾಗ

"ಹೆಣ ತೊಳಿಯಾಕೆ ನನ್ ಕಾರ್ ನಿಂತಿರೋ ಜಾಗಾನೇ ಬೇಕೇನ್ರೋ, ಬೋಳಿಮಕ್ಳಾ? ಹೇಮಾವತಿ ಹೊಳೆ ಬತ್ತೋಗೈತಾ?"

ಧರ್ಮಪ್ಪ ಗೇಟಿನ ಒಳಗಿನಿಂದಲೇ ಕೂಗಿದ. ಕೈಯಲ್ಲಿ ಕಾಫಿ ಲೋಟವಿತ್ತು. ಹೊರಗೆ ಬರಿಗಾಲಲ್ಲಿ ನಿಂತಿದ್ದ ಮಾದೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೆಳಗ್ಗೆ ಚಾ ಕುಡಿದು ಗೋಡೆಗೆ ಒರಗಿದ ಅವಳ ಗಂಡ ಕೆಂಚಯ್ಯ ಮತ್ತೆ ಎದ್ದಿರಲಿಲ್ಲ. ಹರೆಯದಿಂದ ಕಾಫಿ ಮೂಟೆ ಹೊತ್ತ ಮೈ ಒಂದು ಮಾತೂ ಆಡದೆ ತಣ್ಣಗಾಗಿತ್ತು. ಅವಳಿಗೆ ಕೂತು ಅಳುವುದಕ್ಕೂ ಪುರುಸೊತ್ತಿಲ್ಲ, ಮೊದಲು ಜಾಗ ಬೇಡಬೇಕಿತ್ತು.

"ಒಂದು ಗಳಿಗೆ ಈಚೆಗೆ ತಕ್ಕಳಿ ಸಾವ್ಕಾರ್ರೇ. ನೀರು ಹುಯ್ದು ಎತ್ಕಂಡೋಯ್ತೀವಿ. ನಮ್ಮತ್ತೇಗೂ ಇಲ್ಲೇ ಹುಯ್ದಿದ್ದು, ನೀವೇ ನೋಡಿದ್ರಲ್ಲ."

"ಅದು ಅವಾಗ. ಈಗ ಪರ್ಮಿಟ್ ಐತೆ ಕಣೇ. ಗೆರೆ ಒಳಗಿರೋ ಜಾಗ ನಂದು."

ಸಕಲೇಶಪುರದ ಆ ಬೀದಿಯ ಹಿಂದೆ ಮಾದೇವಮ್ಮನವರ ಓಣಿ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಮೇಲೆ ಎರಡೂ ಕಡೆಯ ಶೀಟು ಕೂಡಿಕೊಂಡು ಆಕಾಶವೇ ಕಾಣದು. ಸತ್ತವರನ್ನು ಆಕಾಶದ ಕೆಳಗೆ ಕೂರಿಸಿ ನೀರು ಹುಯ್ಯುವುದು ಅವರ ಪದ್ಧತಿ. ಅದಕ್ಕೆ ಇದ್ದದ್ದು ಓಣಿಯ ಬಾಯಿಯೊಂದೇ.

ಬೆಟ್ಟ ನೋಡಲು ಬರುವವರ ಕಾರುಗಳು ಭಾನುವಾರ ಬಂತೆಂದರೆ ಬೀದಿ ತುಂಬಿಬಿಡುತ್ತಿದ್ದವು. ಮನೆಯವರಿಗೇ ಜಾಗ ಸಿಗದೆ ಬೀದಿಯವರು ಸಂಘ ಕಟ್ಟಿದರು. ಅಲ್ಲಿ ವಾಸವಿರುವವರ ಕಾರಿಗಷ್ಟೇ ಪರ್ಮಿಟ್, ಕಾರಿಗೊಂದು ಬಿಳಿ ಗೆರೆಯ ಚೌಕ. ತಕರಾರಿದ್ದರೆ ಹೇಳಿ ಎಂದು ಓಣಿಗೂ ಬಂದು ಕೇಳಿದ್ದರು. "ನಮ್ತಾವ ಕಾರ್ ಎಲ್ಲೈತೆ ಮಾರಾಯ್ರಾ, ಎಲ್ಲಾದ್ರೂ ಎಳ್ಕಳಿ" ಎಂದು ಓಣಿಗೆ ಓಣಿಯೇ ನಕ್ಕಿತ್ತು. ಗೆರೆ ಎಳೆಯುವ ದಿನ ಹಗ್ಗದ ತುದಿ ಹಿಡಿದು ಕುಕ್ಕರಗಾಲಲ್ಲಿ ಕೂತವನು ಕೆಂಚಯ್ಯನೇ. ಸತ್ತವರ ಜಾಗ ಬಿಟ್ಟುಕೊಡುತ್ತಿದ್ದೇವೆಂದು ಆ ಬಡಪಾಯಿಗಳಿಗೆ ಹೊಳೆಯಲೇ ಇಲ್ಲ. ಓಣಿಯ ಬಾಯಿ ಧರ್ಮಪ್ಪನ ಎರಡನೇ ಕಾರಿನ ಪಾಲಾಯಿತು.

ಮಾದೇವಮ್ಮನ ಮಗ ಗುರು, ಬಾಡಿಗೆ ಗಾಡಿ ಓಡಿಸುವವನು, ಮುಂದೆ ಬಂದ.

"ಕೀ ಕೊಡಿ ಅಣ್ಣಾ, ನಾನೇ ತಗೀತೀನಿ. ಆಮೇಲೆ ಇಲ್ಲೇ ತಂದ್ ನಿಲ್ಲಿಸ್ತೀನಿ."

"ಹೆಣ ಮುಟ್ಟಿದ ಕೈಲಿ ನನ್ ಸ್ಟೇರಿಂಗ್ ಹಿಡೀತೀಯೇನೋ? ಇವತ್ತು ಭಾನುವಾರ. ತಗುದ್ರೆ ಯಾವನೋ ಟೂರಿಸ್ಟ್ ನನ್ಮಗ ಬಂದು ನಿಲ್ಲಿಸ್ಬುಡ್ತಾನೆ. ಹೊತ್ಕಂಡೋಗ್ರೋ ಹೊಳೆಗೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಓಣಿಯಲ್ಲಿ ನೆರೆಮನೆಯ ಮುದುಕಿ ಭದ್ರಮ್ಮ ಹಂಡೆಯ ಪಕ್ಕ ಕಾದು ಕೂತಿದ್ದಳು. "ಏನಂದ್ನೇ ಅವ್ನು? ನೀರು ಆರೋಯ್ತಾ ಐತೆ."

ಮಾದೇವಮ್ಮ ತಲೆ ಅಲ್ಲಾಡಿಸಿದಳು.

"ಒಳ್ಗೇ ಹುಯ್ಬುಡಾನ ಕಣವ್ವಾ" ಎಂದ ಗುರು.

ಅವಳು ಗಂಡನ ಮುಖ ನೋಡಿದಳು.

"ನಿಮ್ಮಪ್ಪ ಬದುಕಿದ್ದಷ್ಟು ದಿನಾನೂ ಬೆನ್ ಬಗ್ಗಿಸ್ಕಂಡೇ ನಡ್ದ. ಇವತ್ತೊಂದಿನ ಆಕಾಶದ ಕೆಳಗೆ ನೆಟ್ಟಗೆ ಕೂತ್ಕಳ್ಲಿ. ಎತ್ಕಳ್ರೋ."

ಓಣಿಯ ಗಂಡಸರು ಹೆಣವನ್ನೂ ಹಂಡೆಯನ್ನೂ ಎತ್ತಿಕೊಂಡು ಬಂದರು. ಒರಗಿಸಬೇಕಾದ ಗೋಡೆಗೆ ಕಾರು ಅಡ್ಡ ನಿಂತಿತ್ತು. ಎಲ್ಲಿ ಕೂರಿಸುವುದೆಂದು ಗುರು ಅವ್ವನ ಮುಖ ನೋಡಿದ. ಅವಳು ಕಾರಿನ ಮೂತಿ ತೋರಿಸಿದಳು. ಬಿಳಿ ಗೆರೆಯ ಮೇಲೆ ಮಣೆ ಇಟ್ಟು, ಕೆಂಚಯ್ಯನ ಬೆನ್ನನ್ನು ಕಾರಿಗೇ ಒರಗಿಸಿ ಕೂರಿಸಿದರು.

ಮೈ ತಾಗಿದ್ದೇ ಕಾರಿನ ಅಲಾರಂ ಅರಚತೊಡಗಿತು. ಬೀದಿಯ ಮಹಡಿಗಳಲ್ಲಿ ಕಿಟಕಿಗಳು ತೆರೆದುಕೊಂಡವು. ಧರ್ಮಪ್ಪ ಕೀ ಹಿಡಿದು ಓಡಿ ಬಂದು, ಅದರ ಬಾಯಿ ಮುಚ್ಚಿಸಿ, ಗೇಟಿನಲ್ಲೇ ನಿಂತುಬಿಟ್ಟ. ಅಷ್ಟರಲ್ಲಾಗಲೇ ಮಾದೇವಮ್ಮ ಹುಯ್ದ ಮೊದಲ ಚೊಂಬಿನ ನೀರು ಕೆಂಚಯ್ಯನ ಮೈಮೇಲಿಂದ ಇಳಿದು ಗೇಟಿನತ್ತ ಹರಿದಿತ್ತು.

"ಲೇ, ಎತ್ರೋ! ಪೊಲೀಸರ್ನ ಕರೀತೀನಿ! ಇನ್ನು ಆ ಕಾರಲ್ಲಿ ಯಾವನೇ ಕೂರ್ತಾನೆ, ಮುಂಡೇ?"

ಮುಂಡೆ ಎಂಬ ಮಾತು ಅವಳಿಗೆ ಆ ದಿನ ನಿಜವಾಗಿತ್ತು. ಅವಳು ತಿರುಗಿ ನೋಡಿದಳು.

"ಕೀ ನಿಮ್ ಕೈಲೇ ಐತಲ್ಲ ಸಾವ್ಕಾರ್ರೇ. ಬನ್ನಿ, ತಕ್ಕಂಡೋಗಿ."

ಧರ್ಮಪ್ಪ ಹೆಣದ ನೀರು ಕಾಲಿಗೆ ತಾಗದಂತೆ ಹಿಂದೆ ಸರಿದ. ಮಾದೇವಮ್ಮ ಜೋಲುತ್ತಿದ್ದ ಗಂಡನ ತಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಚೊಂಬು ಸುರಿದಳು.