ಬಾರದ ಕಾರು

"ತೆಗೀರಿ ಅದನ್ನ!" ಎಂದು ಲೊರೇನ್ ಅಪ್ಪನ ಶವಪೆಟ್ಟಿಗೆಯ ಮೇಲಿದ್ದ ಪಕ್ಷದ ಕೆಂಪು ರಿಬ್ಬನ್ ಹೂವನ್ನು ಕಿತ್ತು ಡೆರಿಕ್‌ನ ಕೈಗೆ ತುರುಕಿದಳು.

ಡೆರಿಕ್ ಟಿಂಡೇಲ್ ಊರಿನ ಕೆಂಪು ಪಕ್ಷದ ಕಾರ್ಯದರ್ಶಿ. ಅವನು ಪೆಚ್ಚಾಗಿ ಸುತ್ತ ನೋಡಿದ. ನೆರೆಹೊರೆಯವರು ಚಹಾದ ಬಟ್ಟಲಿನಲ್ಲಿ ಮುಖ ಹುದುಗಿಸಿದರು.

"ಐವತ್ತು ವರ್ಷ ಎದೆ ಮೇಲಿಟ್ಕೊಂಡ ಹೂವಮ್ಮ ಇದು. ನಿಮ್ಮಪ್ಪ ನಾರ್ಮನ್ ಇದ್ದಿದ್ರೆ ಎಷ್ಟು ಖುಷಿಪಡೋನು!"

"ಇದ್ದಾಗ ನಿಮಗೆ ಅವನ ನೆನಪಿರಲಿಲ್ಲ. ಗುರುವಾರ ಉಪಚುನಾವಣೆ ಅಂತ ಈಗ ನೆನಪು ಬಂತಾ?"

"ಹಂಗನ್ಬೇಡ. ಹೊರಗೆ ನೋಡು, ಅಭ್ಯರ್ಥಿನೇ ಬಂದವ್ರೆ. ಚರ್ಚಿಗೆ ನಿನ್ನ ಕರ್ಕೊಂಡು ಹೋಗೋಕೆ ಕಾರು ತಂದಿದೀವಿ."

ಕಾರು! ಲೊರೇನ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

*

ಹೋದ ಚುನಾವಣೆಯ ದಿನ ನಾರ್ಮನ್ ಬೆಳಿಗ್ಗೆ ಎಂಟಕ್ಕೇ ಕೋಟು ತೊಟ್ಟು, ಹೂ ಚುಚ್ಚಿಕೊಂಡು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಿದ್ದ. ಗಣಿಯ ದೂಳು ಕುಡಿದ ಎದೆ. ಮತಗಟ್ಟೆಯ ಏರು ಹತ್ತುವುದು ಆಗದ ಮಾತು. ನಡೆಯಲಾರದವರನ್ನು ಪಕ್ಷದ ಕಾರು ಬಂದು ಒಯ್ಯುವುದು ಆ ಊರಿನಲ್ಲಿ ಮೊದಲಿಂದ ನಡೆದುಬಂದದ್ದು. ಎಷ್ಟೋ ಮುದುಕಿಯರನ್ನು ನಾರ್ಮನ್ ತಾನೇ ಕೈಹಿಡಿದು ಹತ್ತಿಸಿ ಇಳಿಸಿದ್ದ. ಅಂಚೆಯಲ್ಲಿ ಮತ ಕಳಿಸು ಎಂದರೆ, "ನಾನಿನ್ನೂ ಸತ್ತಿಲ್ಲ" ಎನ್ನುತ್ತಿದ್ದ.

ಮಧ್ಯಾಹ್ನ ಲೊರೇನ್ ಫೋನು ಮಾಡಿದಾಗ ಡೆರಿಕ್, "ಹೊರಟಿದೆ" ಎಂದ. ಸಂಜೆ ಮತ್ತೆ ಮಾಡಿದಳು.

"ನಿಮ್ಮ ಬೀದಿ ನಮ್ಮದೇ ಅಲ್ವೇನಮ್ಮ? ಓಟು ಕೈಕೊಡೋ ಬೀದಿಗಳಿಗೆ ಹೋಗ್ಯವೆ ಕಾರುಗಳು."

ಹಿತ್ತಲ ಗಿಡ ಮದ್ದಲ್ಲ. ಟ್ಯಾಕ್ಸಿ ಕರೆಯಲೇ ಎಂದರೆ ನಾರ್ಮನ್ ಒಪ್ಪಲಿಲ್ಲ. "ಬರ್ತಾರೆ ಕಣೆ, ನಮ್ಮೋರು" ಎಂದ.

ರಾತ್ರಿ ಎಂಟು ಗಂಟೆಗೆ ಲೊರೇನ್‌ಳ ತಮ್ಮ ಟ್ರೆವರ್ ವ್ಯಾನು ತಂದ. ನೀಲಿ ಪಕ್ಷಕ್ಕೆ ಓಟು ಹಾಕಿದನೆಂದು ಅಪ್ಪ ಐದು ವರ್ಷದಿಂದ ಅವನ ಮುಖ ನೋಡಿರಲಿಲ್ಲ.

"ಬಾಪ್ಪ. ಕೆಂಪಿಗೇ ಹಾಕು, ನಾನು ಉಸಿರೆತ್ತಲ್ಲ."

"ನಿನ್ನ ಗಾಡಿ ಹತ್ತೋದಕ್ಕಿಂತ ತೆವಳ್ಕೊಂಡು ಹೋಗ್ತೀನಿ."

ತಮ್ಮನ ಮುಖಕ್ಕೆ ಬಾಗಿಲು ಬಡಿದವಳು ಲೊರೇನ್. ಹತ್ತಕ್ಕೆ ಮತಗಟ್ಟೆ ಮುಚ್ಚಿತು. ಕೋಟು ಬಿಚ್ಚಲು ಹೋದ ಮಗಳ ಕೈಯನ್ನು ಅಪ್ಪ ತಡೆದ.

"ಪಾಪ, ದಾರಿ ತಪ್ಪಿರ್ಬೇಕು" ಎಂದ.

*

ಟ್ರೆವರ್ ಈಗ ಬೀದಿಯಾಚೆ ಟೋಪಿ ಹಿಡಿದು ನಿಂತಿದ್ದ. ಲೊರೇನ್ ಬಾಗಿಲಿಗೆ ಬಂದಳು.

"ಪರಕೀಯನ ಥರ ಅಲ್ಯಾಕೋ ನಿಂತಿದೀಯ? ಬಾ, ಹೆಗಲು ಕೊಡು."

"ಅಪ್ಪ ಎದ್ದು ಒದೀತಾನೆ, ಅಕ್ಕ."

"ಒದೀಲಿ. ನನಗೂ ಎರಡು ಬೀಳಬೇಕು."

ಡೆರಿಕ್ ಅಡ್ಡ ಬಂದ. "ನಾರ್ಮನ್ ಹೆಸ್ಲಪ್‌ನ ನೀಲಿಯವನು ಹೊರೋದಾ? ಊರು ನಗಲ್ವಾ?"

"ಅವತ್ತು ಬಂದಿದ್ದು ಇವನೊಬ್ಬನೇ ಡೆರಿಕ್! ಬೆಳಿಗ್ಗೆಯಿಂದ ಕೋಟು ಹಾಕ್ಕೊಂಡು ಕಾದಿದ್ನಲ್ಲ ಆ ಮುದುಕ, ನಿಮ್ಮ ಕಾರು ಎಲ್ಲಿ ಸತ್ತಿತ್ತು?" ಅವಳು ಬಾಗಿಲನ್ನು ಪೂರ್ತಿ ತೆರೆದಳು. "ದೂರ ಸರೀರಿ. ನಾವು ನಡ್ಕೊಂಡೇ ಹೋಗ್ತೀವಿ."

ಆರು ಜನ ಪೆಟ್ಟಿಗೆ ಎತ್ತಿದರು. ಮುಂದಿನ ಎಡಹೆಗಲು ಟ್ರೆವರ್‌ನದು. ನೆರೆಯವರು ಒಬ್ಬೊಬ್ಬರಾಗಿ ಬಟ್ಟಲು ಕೆಳಗಿಟ್ಟು ಹಿಂದೆ ಹೊರಟರು. ಏರಿನಲ್ಲಿ ಮತಗಟ್ಟೆಯ ಶಾಲೆಯ ಮುಂದೆ ಹೊತ್ತವರು ಏದುಸಿರುಬಿಟ್ಟು ನಿಂತಾಗ ಲೊರೇನ್ ಹಿಂತಿರುಗಿ ನೋಡಿದಳು.

ಕೆಳಗೆ ಅಪ್ಪನ ಕಿಟಕಿಯ ಎದುರಿಗೆ ಸರಿಯಾಗಿ, ಬಾಗಿಲು ತೆರೆದುಕೊಂಡು, ಎಂಜಿನ್ ಗುರುಗುಡುತ್ತ ಪಕ್ಷದ ಕಾರು ಕಾಯುತ್ತಿತ್ತು.